ಮದುವೆಗೆ ಮೊದಲೇ ಫ್ಲ್ಯಾಟ್ ತಗೊಳ್ಳಬೇಕಾ? ರೇಟು ಇಳಿದಿದೆ, ಆದರೆ ತಮ್ಮನ ಕೆಲಸ ಗಟ್ಟಿ ಇಲ್ಲ

ಕೇಳಿದವರು: ಹಳೇ ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿದ್ದ. ಅವನ ಪ್ರಾಜೆಕ್ಟ್ ನಿಂತಿತು. ಈಗ ಹುಬ್ಬಳ್ಳಿಯಲ್ಲೇ ಸಣ್ಣ ಕಂಪನಿಗೆ ಸೇರಿದ್ದಾನೆ. ಕೈಗೆ 62 ಸಾವಿರ ಬರುತ್ತದೆ. ಮದುವೆ ಗೊತ್ತಾಗಿದೆ. ಸ್ವಂತ ಮನೆ ಇರಲಿ ಅಂತ ಹೆಣ್ಣಿನ ಕಡೆಯವರ ಮಾತು. ಗೋಕುಲ ರಸ್ತೆ ಕಡೆ ಎರಡು ಬೆಡ್‌ರೂಮಿನ ಫ್ಲ್ಯಾಟ್ ನೋಡಿದ್ದೇವೆ, ಕಟ್ಟಡದ ಕೆಲಸ ಇನ್ನೂ ನಡೆದಿದೆ. ಮೊದಲು 53 ಲಕ್ಷ ಅಂದವರು ಈಗ 48ಕ್ಕೆ ಬಂದಿದ್ದಾರೆ. ಈ ತಿಂಗಳೇ ಬುಕ್ ಮಾಡಬೇಕಂತೆ. ನಮ್ಮ ಹತ್ತಿರ 11 ಲಕ್ಷ ಇದೆ, ಮದುವೆ ಖರ್ಚೂ ಅದರಲ್ಲೇ. ಇರುವ ಮನೆಯಲ್ಲಿ ಮೂರು ಖೋಲಿ, ಐದು ಮಂದಿ. ಇಂಥ ಮಂದಗತಿಯಲ್ಲಿ ಮನೆ ತಗೊಂಡವರು, ಬಿಟ್ಟವರು ಇದ್ದರೆ ದಯವಿಟ್ಟು ಅನುಭವ ಹೇಳಿ.

ಬೈರಿದೇವರಕೊಪ್ಪದಿಂದ

ಅಕ್ಕಾ, ನಾವು 2017ರಲ್ಲಿ ತಗೊಂಡವರು. ನೋಟು ರದ್ದಾಗಿ ಕೆಲವೇ ತಿಂಗಳು. ಬಿಲ್ಡರ್‌ಗಳ ಆಫೀಸು ಖಾಲಿ ಹೊಡೆಯುತ್ತಿದ್ದವು. ನಿಮಗೆ ಈಗ ಹೇಳುತ್ತಿರುವ ಮಾತನ್ನೇ ನಮಗೂ ಹೇಳಿದ್ದರು, ಈ ತಿಂಗಳು ಬಿಟ್ಟರೆ ಈ ರೇಟು ಸಿಗುವುದಿಲ್ಲ ಅಂತ. 26 ಲಕ್ಷ ಸಾಲ, ತಿಂಗಳಿಗೆ 22,500 ಕಂತು. ನನ್ನ ಯಜಮಾನರು ಒಂದು ವಾಹನ ಶೋರೂಮಿನಲ್ಲಿ ಸೇಲ್ಸ್ ನೋಡುತ್ತಿದ್ದರು. ಸಂಬಳದ ಅರ್ಧದಷ್ಟು ಕಮಿಷನ್. ಬ್ಯಾಂಕಿನವರು ಕಮಿಷನ್ನೂ ಸೇರಿಸಿಯೇ ಲೆಕ್ಕ ಹಾಕಿದ್ದರು, ನಾವೂ ಹಾಗೇ ಹಾಕಿದೆವು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಕಮಿಷನ್ ಪೂರ್ತಿ ನಿಂತಿತು, ಸಂಬಳ ಅರ್ಧಕ್ಕೆ ಬಂತು. ಆಗಸ್ಟ್ ವರೆಗೆ ಕಂತು ಕಟ್ಟದಿದ್ದರೂ ನಡೆಯುತ್ತದೆ ಎಂದು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತಲ್ಲ, ನಾವು ಆರು ತಿಂಗಳೂ ಬಿಟ್ಟೆವು. ಬೇರೆ ದಾರಿಯೇ ಇರಲಿಲ್ಲ. ಬಡ್ಡಿ ಮಾತ್ರ ಬಿಡಲಿಲ್ಲ. ಅದು ಅಸಲಿಗೆ ಸೇರಿತು. ಬಿಟ್ಟದ್ದು 6 ಕಂತು, ಕೊನೆಗೆ ಸೇರಿದ್ದು ಹೆಚ್ಚುಕಮ್ಮಿ 20. ಅದಾದ ಮೇಲೆ 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ ಶೇ 4ರಿಂದ 6.5ಕ್ಕೆ ಏರಿತು. ಮತ್ತೆ ಅವಧಿ ಉದ್ದವಾಯಿತು. 2025ರಲ್ಲಿ ದರ ಇಳಿದ ಮೇಲೆ ಸ್ವಲ್ಪ ಉಸಿರು ಬಂದಿದೆ.

ಆ ಆರು ತಿಂಗಳಲ್ಲಿ ಇನ್ನೊಂದು ಆಯಿತು. ಪುಣೆಯಲ್ಲಿದ್ದ ಮೈದುನ, ಅವನ ಹೆಂಡತಿ, ಮಗು ಬಾಡಿಗೆ ಮನೆ ಬಿಟ್ಟು ನಮ್ಮಲ್ಲಿಗೇ ಬಂದರು. ಊರಿಂದ ಅತ್ತೆ-ಮಾವನೂ ಬಂದರು. ನಾಲ್ಕು ಮಂದಿಗೆ ಅಂತ ತಗೊಂಡ ಮನೆಯಲ್ಲಿ ಒಂಬತ್ತು ಮಂದಿ, 14 ತಿಂಗಳು. ಕಷ್ಟ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಮೈದುನ ತಿಂಗಳಿಗೆ 8 ಸಾವಿರ ಕೊಟ್ಟ, ಮಾವನ ಪಿಂಚಣಿಯಲ್ಲಿ ರೇಷನ್ ನಡೆಯಿತು. ಮನೆ ಉಳಿದದ್ದು ಅದರಿಂದ. ಬಿಲ್ಡರ್ ಬಿಟ್ಟುಕೊಟ್ಟ 2 ಲಕ್ಷದಿಂದಲ್ಲ.

ಅದಕ್ಕೇ ರೇಟು ಎಷ್ಟು ಇಳಿದಿದೆ ಅಂತ ನಾನು ಕೇಳುವುದಿಲ್ಲ. ತಮ್ಮನ ಸಂಬಳ ನಿಂತರೆ ಎಷ್ಟು ತಿಂಗಳು ಕಂತು ಕಟ್ಟಬಲ್ಲಿರಿ? ಎಂಟು-ಹತ್ತು ತಿಂಗಳ ಕಂತಿನ ದುಡ್ಡು ಬೇರೆ ಇಟ್ಟ ಮೇಲೂ ಮುಂಗಡಕ್ಕೆ ಹಣ ಉಳಿದರೆ ಮಾತ್ರ ಮುಂದುವರಿಯಿರಿ.

ಧಾರವಾಡ, ಮಾಳಮಡ್ಡಿಯಿಂದ

ನಾನು ತೆರಿಗೆ, ನೋಂದಣಿ ಕಾಗದಗಳ ಕೆಲಸ ಮಾಡುವವನು. ನಿಮ್ಮ ಲೆಕ್ಕ ಹಾಕಿ ನೋಡಿದೆ. ಫ್ಲ್ಯಾಟ್ ಇನ್ನೂ ಮುಗಿದಿಲ್ಲ, ಬೆಲೆ 45 ಲಕ್ಷದ ಮೇಲಿದೆ, ಹಾಗಾಗಿ ಜಿಎಸ್‌ಟಿ ಶೇ 5. ಅದೇ 2 ಲಕ್ಷ 40 ಸಾವಿರ. ಮುದ್ರಾಂಕ ಶುಲ್ಕ ಶೇ 5, ಮೇಲೆ ಸೆಸ್ಸು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇ 1ರಿಂದ 2 ಆಗಿದೆ. ಜಿಎಸ್‌ಟಿ ಬಿಟ್ಟು ಮುದ್ರಾಂಕ, ಸೆಸ್ಸು, ನೋಂದಣಿ ಸೇರಿ 3 ಲಕ್ಷ 65 ಸಾವಿರ. ಈ ಮೊತ್ತದ ಸಾಲಕ್ಕೆ ಬ್ಯಾಂಕು ಬೆಲೆಯ ಶೇ 80ರವರೆಗೆ ಮಾತ್ರ ಕೊಡುತ್ತದೆ, ಉಳಿದ 9 ಲಕ್ಷ 60 ಸಾವಿರ ನಿಮ್ಮದೇ. ಒಟ್ಟು ಕೈಯಿಂದ ಹೋಗುವುದು ಹದಿನೈದೂವರೆ ಲಕ್ಷದ ಮೇಲೆ. ನಿಮ್ಮ ಹತ್ತಿರ 11 ಇದೆ. 38 ಲಕ್ಷ ಸಾಲ, ಶೇ 8ರ ಬಡ್ಡಿ, 20 ವರ್ಷ ಅಂದರೆ ಕಂತು ಸುಮಾರು 32 ಸಾವಿರ. ಸಂಬಳದ ಅರ್ಧಕ್ಕಿಂತ ಜಾಸ್ತಿ.

ಆದರೂ ಚೌಕಾಸಿಗೆ ಒಂದು ಜಾಗ ಇದೆ. ಬಹಳ ಮಂದಿಗೆ ಇದು ಗೊತ್ತಿರುವುದಿಲ್ಲ. ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಸಲು ಸಿಗುವ ಜಾಗ, 90 ಚದರ ಮೀಟರ್ ಒಳಗಿದ್ದು, ಪಾರ್ಕಿಂಗ್ ಎಲ್ಲ ಸೇರಿ ಬೆಲೆ 45 ಲಕ್ಷ ಮೀರದಿದ್ದರೆ ನಮ್ಮ ಊರಿನಲ್ಲಿ ಜಿಎಸ್‌ಟಿ ಶೇ 1 ಮಾತ್ರ. ಮೊದಲ ಮಾರಾಟದ ಫ್ಲ್ಯಾಟಾದರೆ 45 ಲಕ್ಷದವರೆಗೆ ಮುದ್ರಾಂಕ ಶುಲ್ಕವೂ ಶೇ 3. ಬಿಲ್ಡರ್ ಇನ್ನು 3 ಲಕ್ಷ ಇಳಿದರೆ ನಿಮಗೆ ಒಟ್ಟು 6 ಲಕ್ಷದ ಮೇಲೆ ಉಳಿಯುತ್ತದೆ. ವ್ಯಾಪಾರ ತಣ್ಣಗಿರುವಾಗ ಇದನ್ನು ಕೇಳುವುದರಲ್ಲಿ ಸಂಕೋಚ ಬೇಡ. ಆದರೆ ದಯವಿಟ್ಟು ಉಳಿದದ್ದನ್ನು ಕಪ್ಪಿನಲ್ಲಿ ಕೊಡಿ ಅಂದರೆ ಒಪ್ಪಬೇಡಿ. ಸರಕಾರ ಆ ಜಾಗಕ್ಕೆ ಗೊತ್ತು ಮಾಡಿದ ಮಾರ್ಗಸೂಚಿ ದರವನ್ನೂ ಉಪನೋಂದಣಿ ಕಚೇರಿಯಲ್ಲಿ ನೋಡಿಕೊಳ್ಳಿ, ಅದು ಜಾಸ್ತಿ ಇದ್ದರೆ ಶುಲ್ಕ ಅದರ ಮೇಲೆಯೇ.

ಕಟ್ಟಡದ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ತೆಗೆದು ನೋಡಿ. ಒಪ್ಪಂದ ಪತ್ರ ನೋಂದಣಿ ಆಗುವ ಮೊದಲು ಶೇ 10ಕ್ಕಿಂತ ಜಾಸ್ತಿ ಮುಂಗಡ ತಗೊಳ್ಳುವ ಹಾಗಿಲ್ಲ.

ಧಾರವಾಡ, ಸಾಧನಕೇರಿಯಿಂದ

ನಾನು 2005ರಿಂದ 2013ರ ತನಕ ಅಮೆರಿಕದ ಫೀನಿಕ್ಸ್‌ನಲ್ಲಿದ್ದೆ. ಅಲ್ಲಿ ಮನೆ ಬೆಲೆ 2006ರ ನಂತರ ಐದು ವರ್ಷ ಇಳಿಯುತ್ತಲೇ ಹೋಗಿ ಅರ್ಧಕ್ಕಿಂತ ಕೆಳಗೆ ಬಂತು. ನಮ್ಮ ಬೀದಿಯಲ್ಲೇ ಸಾಲ ಮನೆಯ ಬೆಲೆಗಿಂತ ಜಾಸ್ತಿಯಾಗಿ ಬೀಗ ಹಾಕಿ ಹೋದವರಿದ್ದರು. ಇಷ್ಟು ಅಗ್ಗವಾದ ಮೇಲೆ ಮಂದಿ ಮುಗಿಬಿದ್ದು ತಗೊಳ್ಳಬೇಕಲ್ವಾ? ಹಾಗೆ ಆಗಲಿಲ್ಲ. ಕೆಲಸ ಹೋದ ಹುಡುಗರು ಅಪ್ಪ-ಅಮ್ಮನ ಮನೆಗೆ ಮರಳಿದರು. ಮದುವೆ ಮುಂದಕ್ಕೆ ಹೋದವು. ಒಂದೊಂದು ಬಾಡಿಗೆ ಮನೆಯಲ್ಲಿ ಮೂವರು ನಾಲ್ವರು. ಆ ದೇಶದಲ್ಲಿ ಸ್ವಂತ ಮನೆಯಲ್ಲಿರುವ ಕುಟುಂಬಗಳು 2004ರಲ್ಲಿ ನೂರಕ್ಕೆ 69 ಇದ್ದದ್ದು 2016ಕ್ಕೆ 63ಕ್ಕೆ ಬಂತು.

2009ರಲ್ಲಿ ಸರಕಾರ ಮೊದಲ ಮನೆ ತಗೊಳ್ಳುವವರಿಗೆ 8 ಸಾವಿರ ಡಾಲರ್ ತೆರಿಗೆ ರಿಯಾಯಿತಿ ಕೊಟ್ಟಿತು. ಗಡುವಿಗೆ ಹೆದರಿ ನನ್ನ ಗೆಳೆಯನೊಬ್ಬ ತಗೊಂಡ. 2010ರಲ್ಲಿ ರಿಯಾಯಿತಿ ಮುಗಿಯಿತು, ಮಾರಾಟ ಧಪ್ಪೆಂದು ಬಿತ್ತು. ಅವನ ಮನೆ ಬೆಲೆ ಆ ರಿಯಾಯಿತಿಗಿಂತ ಎಷ್ಟೋ ಜಾಸ್ತಿ ಇಳಿಯಿತು. ಗಡುವು ಇಟ್ಟು ಮಾರುವವರನ್ನು ಕಂಡರೆ ನನಗೆ ಈಗಲೂ ಅವನ ಮುಖ ನೆನಪಾಗುತ್ತದೆ.

ನಮ್ಮ ಕಡೆ ಹಾಗೆ ಅರ್ಧಕ್ಕೆ ಬೀಳುವುದನ್ನು ನಾನು ಕಂಡಿಲ್ಲ. ಇಲ್ಲಿ ರೇಟು ಇಳಿಸುವ ಬದಲು ಮಾರುವವರು ಸುಮ್ನೆ ಕೂರುತ್ತಾರೆ. ವ್ಯವಹಾರ ನಿಲ್ಲುತ್ತದೆ. ಹಾಗಾಗಿ ಕಷ್ಟ ಬಂದಾಗ ಮಾರಿದರಾಯಿತು ಅಂತ ಮಾತ್ರ ನಂಬಬೇಡಿ. ಕೊಳ್ಳುವವರು ಆ ಹೊತ್ತಿಗೇ ಸಿಗುವುದಿಲ್ಲ.

ಬ್ಯಾಡಗಿಯಿಂದ

ನಮ್ಮಲ್ಲಿ ಇದಕ್ಕೆಲ್ಲ ಮೆಣಸಿನಕಾಯಿ ರೇಟೇ ಅಳತೆ. 2024ರ ಮಾರ್ಚ್‌ನಲ್ಲಿ ರೇಟು ಬಿದ್ದು ಎಪಿಎಂಸಿಯಲ್ಲಿ ಗಲಾಟೆ ಆಯಿತಲ್ಲ, ಆ ವರ್ಷ ನನ್ನ ಅಣ್ಣನ ಮನೆ ಲಿಂಟಲ್ ಮಟ್ಟಕ್ಕೆ ನಿಂತಿತು. ಮಗನ ಮದುವೆಯನ್ನೂ ಮನೆ ಮುಗಿದ ಮೇಲೆ ಅಂತ ಮುಂದೂಡಿದರು. ಹೆಣ್ಣಿನ ಕಡೆಯವರು ಒಂದು ವರ್ಷ ಕಾದು ಬೇರೆ ಕಡೆ ಕೊಟ್ಟರು. ಆ ಹುಡುಗ ಇನ್ನೂ ಹಾಗೇ ಇದ್ದಾನೆ. ಮನೆಗೆ ಮದುವೆಯನ್ನು ಕಟ್ಟಿ ಹಾಕಬೇಡಿ ಅಕ್ಕಾ, ನಿಮ್ಮ ಕಾಲಿಗೆ ಬೀಳುತ್ತೇನೆ.

ಗದಗ, ಬೆಟಗೇರಿಯಿಂದ

ನಾನು ಗೌಂಡಿ. 22 ವರ್ಷದಿಂದ ಗದಗ, ಹುಬ್ಬಳ್ಳಿ ಎರಡೂ ಕಡೆ ಕೆಲಸ ಹಿಡಿಯುತ್ತೇನೆ. ದುಡ್ಡು ಬಿಗಿಯಾದ ವರ್ಷ ಖಾಲಿ ಪ್ಲಾಟಿನಲ್ಲಿ ಪಾಯ ತೋಡುವವರು ಕಡಿಮೆ. ಇದ್ದ ಮನೆ ಮೇಲೆ ಖೋಲಿ ಏರಿಸುವವರು ಜಾಸ್ತಿ. ಬೇರೆ ಮೆಟ್ಟಿಲು, ಒಂದು ಅಡುಗೆಮನೆ, ಒಂದು ಬಚ್ಚಲು ಮಾಡಿಕೊಟ್ಟರೆ ಹೊಸ ಜೋಡಿಗೆ ಬೇರೆ ಮನೆಯೇ ಆಗುತ್ತದೆ. ಮೆಟ್ಟಿಲು ಹೊರಗಿನಿಂದಲೇ ಇರಲಿ, ಅದೊಂದನ್ನು ಬಿಡಬೇಡಿ. ಒಳಗಿಂದ ಮೆಟ್ಟಿಲು ಇಟ್ಟ ಮನೆಗಳಲ್ಲಿ ಅತ್ತೆ-ಸೊಸೆ ಇಬ್ಬರೂ ನನ್ನ ಮುಂದೆ ಕಣ್ಣೀರು ಹಾಕಿದ್ದಾರೆ.

ರೇಟು ಕಡಿಮೆ ಅಂತ ಗುಂಟೆ ಪ್ಲಾಟಿಗೆ ಮಾತ್ರ ಹೋಗಬೇಡಿ. ಬಿಗಿ ಕಾಲದಲ್ಲೇ ಅವನ್ನು ಜಾಸ್ತಿ ಮಾರುವುದು. ಎನ್ಎ (ಹೊಲವನ್ನು ಕೃಷಿಯೇತರ ಮಾಡಿದ ಆದೇಶ) ಇಲ್ಲ, ಲೇಔಟ್ ಮಂಜೂರಿ ಇಲ್ಲ, ಬ್ಯಾಂಕು ಸಾಲ ಕೊಡುವುದಿಲ್ಲ.

ನವನಗರದಿಂದ

ಹುಡುಗಿಯನ್ನು ಯಾರಾದರೂ ಕೇಳಿದ್ದೀರಾ? ನನ್ನ ಮದುವೆಯಲ್ಲೂ ಸ್ವಂತ ಮನೆ ಬೇಕು ಅಂದದ್ದು ನನ್ನ ಸೋದರಮಾವ. ನನಗೆ ಬೇಕಿದ್ದದ್ದು ಕೆಲಸಕ್ಕೆ ಹೋಗಲು ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸು ಹತ್ತಿರ ಇರುವ ಒಂದು ಬಾಡಿಗೆ ಮನೆ, ಅಷ್ಟೇ. ಮೂರು ವರ್ಷ 11 ಸಾವಿರ ಬಾಡಿಗೆ ಕೊಟ್ಟೆವು. ಆ ಮೂರು ವರ್ಷದಲ್ಲಿ ಯಜಮಾನರು ಎರಡು ಕೆಲಸ ಬದಲಿಸಿದರು. ಕಂತು ಇದ್ದಿದ್ದರೆ ಮೊದಲ ಕೆಲಸ ಬಿಡುವ ಧೈರ್ಯ ಬರುತ್ತಿರಲಿಲ್ಲ.

ಕೇಳಿದವರು: ಹಳೇ ಹುಬ್ಬಳ್ಳಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿ ಅಪ್ಪ, ಅವ್ವ, ತಮ್ಮ ಕೂತು ಇದನ್ನೆಲ್ಲ ಓದಿದೆವು. ಬಿಲ್ಡರ್‌ಗೆ 45 ಅಂದೆವು, 47ರ ಕೆಳಗೆ ಆಗುವುದಿಲ್ಲ ಅಂದರು. ಬುಕಿಂಗ್ ಬಿಟ್ಟಿದ್ದೇವೆ. ಹುಡುಗಿಗೆ ತಮ್ಮ ಫೋನ್ ಮಾಡಿದ. ಬಾಡಿಗೆ ಆದರೂ ಸರಿ, ಮೇಲೆ ಖೋಲಿ ಆದರೂ ಸರಿ, ಅಡುಗೆಮನೆ ಬೇರೆ ಇರಲಿ ಅಂದಳಂತೆ. ಅವರ ಅಪ್ಪನ ಹತ್ತಿರ ತಾನೇ ಮಾತಾಡುತ್ತಾಳಂತೆ. ಗೌಂಡಿ ಅಣ್ಣಾರೆ, ನಮ್ಮದು 1988ರ ಮನೆ. ಮೇಲೆ ಎರಡು ಖೋಲಿ ತಡೆಯುತ್ತದಾ?

ಗದಗ, ಬೆಟಗೇರಿಯಿಂದ

ಗೋಡೆ ಮಣ್ಣಿನದೋ ಇಟ್ಟಂಗಿಯದೋ ಹೇಳಿ. ಮೇಲೆ ಸ್ಲ್ಯಾಬೋ ಹಂಚೋ? ಪಾಯ ನೋಡದೆ ಹೂಂ ಅನ್ನುವುದಿಲ್ಲ. ಪಾಲಿಕೆಯ ಪರವಾನಗಿಗೆ ಮನೆಯ ಉತಾರ (ಆಸ್ತಿ ದಾಖಲೆಯ ಪ್ರತಿ) ತೆಗೆಸಿಟ್ಟುಕೊಳ್ಳಿ. ರವಿವಾರ ಹುಬ್ಬಳ್ಳಿಗೆ ಬರುವುದಿದೆ, ಬಂದು ಮೂಲೆಯಲ್ಲಿ ಒಂದು ಗುಂಡಿ ತೆಗೆದು ನೋಡುತ್ತೇನೆ.