ಮೆಟ್ಟಿಲ ಮೇಲೆ ಬೀರು, ಬೀರುವಿನ ಸುತ್ತ ತೆರಿಗೆ

ಕಿಟ್ಟಿ ಮನೆ ಬದಲಿಸುತ್ತಿದ್ದ. ಲಿಫ್ಟ್ ಕೆಟ್ಟಿತ್ತು. ಕಬ್ಬಿಣದ ಬೀರು ಮೂರನೇ ಮಹಡಿಗೆ ಹೋಗಬೇಕಿತ್ತು. ಹೊರಲು ನಾವು ನಾಲ್ಕು ಜನ: ಕಿಟ್ಟಿ, ಗುಂಡ, ಪದ್ದಿ, ನಾನು. ನಾಲ್ಕು ಅಂದಿದ್ದು ತಲೆ ಲೆಕ್ಕ. ಹೆಗಲು ಎಣಿಸಿದರೆ ಎರಡೂವರೆ.

"ಖಾಲಿ ತಾನೇ?" ಅಂತ ಗುಂಡ ಕೇಳಿದ.

"ಒಂದು ಬಟ್ಟೆಯೂ ಇಲ್ಲ ಕಣೋ," ಅಂದ ಕಿಟ್ಟಿ. ಅವನ ಕಸುಬು ಬೇರೆಯವರ ತೆರಿಗೆ ಲೆಕ್ಕ ಬರೆಯುವುದು. ಮಾತು ಯಾವಾಗಲೂ ಅಳೆದು ಆಡುತ್ತಾನೆ.

ಮೊದಲ ತಿರುವಿನಲ್ಲೇ ಗುಂಡ ಬೀರು ಇಳಿಸಿಬಿಟ್ಟ. "ಇದು ಅನ್ಯಾಯ. ಗಟ್ಟಿ ಆಳು ಅಂತ ನನ್ನನ್ನು ಕೆಳಗೆ ನಿಲ್ಲಿಸಿದ್ದೀರಿ. ಮೆಟ್ಟಿಲು ಹತ್ತುವಾಗ ಕೆಳಗಿನವನಿಗೇ ಭಾರ ಜಾಸ್ತಿ. ಕಸರತ್ತು ಮಾಡಿ ಮೈ ಬೆಳೆಸಿದ್ದು ನನ್ನ ತಪ್ಪಾ? ಆಫೀಸಿನಲ್ಲೂ ಇದೇ ಕಥೆ. ದುಡಿದಷ್ಟೂ ಟ್ಯಾಕ್ಸು. ಎಲ್ಲರಿಗೂ ಸಮ ಅಂತ ಮಾಡಿ."

"ಸಮ ಅಂದ್ರೆ? ತಲೆಗೆ ಇಷ್ಟು ಅಂತಲಾ, ನೂರಕ್ಕೆ ಇಷ್ಟು ಅಂತಲಾ?" ಪದ್ದಿ ಕೇಳಿದಳು.

"ಎರಡೂ ಒಂದೇ ಅಲ್ವಾ?"

"ಒಂದೇ ಅಂದುಕೊಂಡವರ ಗತಿ ಕೇಳು. ಇಂಗ್ಲೆಂಡಿನಲ್ಲಿ ತಲೆಗೊಂದು ಶಿಲ್ಲಿಂಗ್ ಅಂತ ಹಾಕಿದರು. 1381ರಲ್ಲಿ ರೈತರು ದಂಗೆ ಎದ್ದು ಲಂಡನ್ನಿಗೇ ನುಗ್ಗಿದರು. ಆರುನೂರು ವರ್ಷ ಆದಮೇಲೆ ಅಲ್ಲಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಮತ್ತೆ ತಲೆಗಂದಾಯ ತಂದರು. 1990ರಲ್ಲಿ ಬೀದಿಯಲ್ಲಿ ಗಲಭೆ. ಅದೇ ವರ್ಷ ಅವರ ಕುರ್ಚಿಯೂ ಹೋಯಿತು."

ಗುಂಡ ತಕ್ಷಣ ಪಕ್ಷ ಬದಲಿಸಿದ. "ಹಾಗಾದ್ರೆ ನೂರಕ್ಕೆ ಇಷ್ಟು. ಒಂದೇ ದರ. ಎಸ್ಟೋನಿಯಾ 1994ರಲ್ಲೇ ಮಾಡಿತು, ಎಲ್ಲರಿಗೂ ನೂರಕ್ಕೆ 26. ಫಾರಂ ಒಂದು ಚೀಟಿಯಷ್ಟು ಇದ್ರೆ ಸಾಕು. ಕಿಟ್ಟಿಯಂಥವರಿಗೆ ಕೆಲಸವೇ ಇರಲ್ಲ."

ಕಿಟ್ಟಿ ನಕ್ಕ. ಬೆವರುತ್ತಲೇ ನಕ್ಕ. "ಫಾರಂ ಉದ್ದ ಆಗೋದು ದರದಿಂದ ಅಲ್ಲ ಮಾರಾಯ. ದರ ಗುಣಿಸೋಕೆ ಒಂದು ಸಾಲು ಸಾಕು. ಮಿಕ್ಕ ಪುಟಗಳೆಲ್ಲ ಆದಾಯ ಅಂದ್ರೆ ಯಾವುದು, ಯಾವುದು ಅಲ್ಲ ಅನ್ನೋ ಜಗಳ. ಕಂಪನಿ ಕೊಟ್ಟ ಕಾರು ಆದಾಯವಾ? ಏರಿದ ಷೇರು, ಇನ್ನೂ ಮಾರಿಲ್ಲ, ಅದು ಆದಾಯವಾ? ನನ್ನ ಅನ್ನ ಇರೋದು ಅಲ್ಲಿ. ದರ ಒಂದಿದ್ದರೂ ಅಷ್ಟೇ, ಏಳಿದ್ದರೂ ಅಷ್ಟೇ."

ನಾನು ಮೇಲಿನ ತುದಿ ಹಿಡಿದಿದ್ದೆ. ಅಂದರೆ ಮುಟ್ಟಿಕೊಂಡಿದ್ದೆ. ನನ್ನ ತೋಳು ನೋಡಿದವರಿಗೆ ನಾನು ಏರಿಕೆ ದರದ ಪಕ್ಷ, ಅಂದರೆ ಹೆಚ್ಚು ದುಡಿದವನಿಗೆ ಹೆಚ್ಚು ದರ ಅನ್ನುವವನು, ಅಂತ ಕೇಳದೆಯೇ ಗೊತ್ತಾಗುತ್ತದೆ. ನೂರು ದುಡಿಯುವವನಿಂದ ಇಪ್ಪತ್ತು ತೆಗೆದರೆ ಊಟಕ್ಕೇ ಕತ್ತರಿ. ಲಕ್ಷ ದುಡಿಯುವವನಿಂದ ಇಪ್ಪತ್ತು ಸಾವಿರ ತೆಗೆದರೆ ಅವನು ಗೊಣಗುತ್ತಾನೆ, ಆದರೆ ಹೊಟ್ಟೆ ತುಂಬಿಸಿಕೊಂಡೇ ಗೊಣಗುತ್ತಾನೆ. ಇಷ್ಟು ಹೇಳಿ ಮುಗಿಸಿದೆ. ಉಸಿರೂ ಅಷ್ಟೇ ಇತ್ತು.

"ಒಂದೇ ದರದವರೂ ಬುಡದಲ್ಲಿ ಸ್ವಲ್ಪ ಬಿಟ್ಟುಕೊಡಬಹುದು," ಅಂದ ಕಿಟ್ಟಿ. "ಮೊದಲ ನೂರಕ್ಕೆ ತೆರಿಗೆ ಇಲ್ಲ, ಮೇಲಿನದಕ್ಕೆಲ್ಲ ಶೇಕಡಾ 20 ಅಂತಿಟ್ಕೋ. ಇನ್ನೂರು ದುಡಿದವನು 20 ಕಟ್ಟುತ್ತಾನೆ. ಒಟ್ಟು ನೋಡಿದರೆ ಶೇಕಡಾ 10. ಸಾವಿರ ದುಡಿದವನು 180, ಅಂದರೆ ಶೇಕಡಾ 18. ಹೆಸರಿಗೆ ಚಪ್ಪಟೆ, ಒಳಗೆ ಇಳಿಜಾರು."

"ರಷ್ಯಾ ನೋಡಿ," ಗುಂಡ ಬಿಡಲಿಲ್ಲ. "2001ರಲ್ಲಿ ಎಲ್ಲರಿಗೂ 13. ವಸೂಲಿ ಏರಿತು!"

"ಆಗ ಅಲ್ಲಿ ಸಂಬಳಗಳೂ ಏರುತ್ತಿದ್ದವು," ಅಂದ ಕಿಟ್ಟಿ. "2021ರಲ್ಲಿ ಅವರೇ ದೊಡ್ಡ ಆದಾಯಕ್ಕೆ 15 ಅಂದರು. 2025ಕ್ಕೆ ಐದು ಮೆಟ್ಟಿಲು ಕಟ್ಟಿದರು, ಮೇಲಿನದು 22."

ಮೆಟ್ಟಿಲು ಅಂದಕೂಡಲೇ ಮತ್ತೆ ಬೀರು ಎತ್ತಿದೆವು. ಐದು ಮೆಟ್ಟಿಲು ಹತ್ತಿದೆವು. ಗುಂಡ ಮತ್ತೆ ಇಳಿಸಿದ.

"ಮೆಟ್ಟಿಲಿನ ಕಾಟ ನನಗೆ ಗೊತ್ತು. ಹೋದ ವರ್ಷ ಸಂಬಳ ಏರಿಸ್ತೀನಿ ಅಂದ್ರು. ಬೇಡ ಅಂದೆ. ಮೇಲಿನ ಸ್ಲ್ಯಾಬಿಗೆ ಬಿದ್ದು ಇದ್ದದ್ದೂ ಹೋಗ್ತಿತ್ತು."

ಯಾರೂ ಮಾತಾಡಲಿಲ್ಲ. ಕಿಟ್ಟಿ ಬೀರುವಿಗೆ ಹಣೆ ಒರಗಿಸಿದ. ಸ್ವಲ್ಪ ಹೊತ್ತು ಹಾಗೇ ಇದ್ದ.

"ಗುಂಡಾ, ಮೊದಲ ನೂರಕ್ಕೆ ಸೊನ್ನೆ. ಎರಡನೇ ನೂರಕ್ಕೆ ಶೇಕಡಾ 10. ಅದರ ಮೇಲೆ 30. ನಿನ್ನ ಆದಾಯ 200. ತೆರಿಗೆ ಎಷ್ಟು?"

"ಹತ್ತು."

"201 ಆಯಿತು. ಈಗ?"

"ಅರವತ್ತು ಚಿಲ್ಲರೆ."

"ಹತ್ತು ರೂಪಾಯಿ ಮೂವತ್ತು ಪೈಸೆ ಕಣೋ! ಮೂವತ್ತರ ದರ ಆ ಒಂದಕ್ಕೆ ಮಾತ್ರ. ಕೆಳಗಿನ ಮೆಟ್ಟಿಲನ್ನು ಯಾರೂ ಬಂದು ಕೀಳೋದಿಲ್ಲ."

ಗುಂಡನ ಮುಖ ನೋಡಲು ಆಗುತ್ತಿರಲಿಲ್ಲ. ಅವನ ಪರವಾಗಿ ಒಂದು ಮಾತು ಹೇಳಬೇಕು. ಕೆಲವು ಕಡೆ ಆದಾಯ ಒಂದು ಗೆರೆ ದಾಟಿದರೆ ಯಾವುದಾದರೂ ರಿಯಾಯಿತಿ ಒಂದೇ ಏಟಿಗೆ ಮಾಯವಾಗುತ್ತದೆ. ಅಲ್ಲಿ ಒಂದು ಹೆಚ್ಚು ದುಡಿದವನಿಗೆ ನಿಜವಾಗಿಯೂ ನಷ್ಟ. ಅದನ್ನೇ ಹೇಳಿ ಸಮಾಧಾನ ಮಾಡಿದೆ. ನಿನ್ನದು ಅಂಥದ್ದಾ ಅಂತ ಕೇಳಿದೆ. ಅಲ್ಲ ಅಂದ.

ಎರಡನೇ ಮಹಡಿಯಲ್ಲಿ ಬೀರನ್ನು ಗೋಡೆಗೆ ಒರಗಿಸಿದೆವು. ಪದ್ದಿ ಕಿಟಕಿ ತೆಗೆದಳು. 1696ರಿಂದ ಇಂಗ್ಲೆಂಡಿನಲ್ಲಿ ಕಿಟಕಿ ಎಣಿಸಿ ತೆರಿಗೆ ಹಾಕುತ್ತಿದ್ದರಂತೆ. ದೊಡ್ಡ ಮನೆ, ಜಾಸ್ತಿ ಕಿಟಕಿ, ಜಾಸ್ತಿ ತೆರಿಗೆ. ಜನ ಏನು ಮಾಡಿದರು? ಇಟ್ಟಿಗೆ ಇಟ್ಟು ಕಿಟಕಿ ಮುಚ್ಚಿದರು. 1851ರ ತನಕ ಆ ತೆರಿಗೆ ಇತ್ತು.

"ಮನುಷ್ಯರ ಮೇಲೆ ಹಾಕಿದರೆ ಇದೇ ಗೋಳು," ಅಂದಳು ಪದ್ದಿ. "ಕಂಪನಿಗಳ ಮೇಲೆ ಹಾಕಿಬಿಡಬೇಕು. ಈ ಗೋಡೆ ಥರ. ಮೈಯೂ ಇಲ್ಲ, ನೋವೂ ಇಲ್ಲ."

"ಮೈ ಇಲ್ಲದವನು ಹೊರೋದು ಹೇಗೆ?" ಕಿಟ್ಟಿ ಶುರು ಮಾಡಿದ. "ಚೆಕ್ ಬರೆಯೋದು ಕಂಪನಿ. ಹೊರೋದು ಷೇರುದಾರ, ಇಲ್ಲಾ ನೌಕರ, ಇಲ್ಲಾ ಗಿರಾಕಿ. ಯಾರ ಪಾಲು ಎಷ್ಟು ಅಂತ ಅರ್ಥಶಾಸ್ತ್ರಜ್ಞರು ಇನ್ನೂ ಕಿತ್ತಾಡ್ತಿದ್ದಾರೆ."

"ಹಾಗಂತ ಕಂಪನಿ ತೆರಿಗೆ ತೆಗೆದುಬಿಟ್ಟರೆ ಗುಂಡ ನಾಳೆಯೇ ಕಂಪನಿ ಆಗ್ತಾನೆ," ಅಂದಳು ಪದ್ದಿ. "ದುಡಿದದ್ದೆಲ್ಲ ಅದರ ಖಾತೆಗೆ ಹೋಗುತ್ತೆ, ತೆರಿಗೆ ಕಟ್ಟದೆ ಅಲ್ಲೇ ಮಲಗುತ್ತೆ."

"ಗುಂಡ ಅಂಡ್ ಗುಂಡ ಲಿಮಿಟೆಡ್," ಅಂತ ಗುಂಡ ಒಮ್ಮೆ ಹೇಳಿ ನೋಡಿದ. ಹಿಡಿಸಿದ ಹಾಗಿತ್ತು.

"ಇನ್ನೊಂದು ವಿಷಯ, ಈ ಗೋಡೆಗೆ ಕಾಲಿದೆ," ಕಿಟ್ಟಿ ಮುಂದುವರಿಸಿದ. "ಐರ್ಲೆಂಡ್ 2003ರಲ್ಲಿ ಕಂಪನಿ ತೆರಿಗೆಯನ್ನು ಶೇಕಡಾ 12.5ಕ್ಕೆ ಇಳಿಸಿತು. ದೊಡ್ಡ ದೊಡ್ಡ ಕಂಪನಿಗಳ ಲಾಭ ಅಲ್ಲಿಗೆ ನಡೆದುಕೊಂಡು ಹೋಯಿತು. ಅಮೆರಿಕ 2017ರ ಕಾನೂನಿನಲ್ಲಿ 35ರಿಂದ 21ಕ್ಕೆ ಬಂತು. ನಾನು ಇಳಿಸ್ತೀನಿ, ನೀನು ಇಳಿಸು. ಕೊನೆಗೆ 2021ರಲ್ಲಿ 130ಕ್ಕೂ ಹೆಚ್ಚು ದೇಶ ಕೂತು, ದೊಡ್ಡ ಕಂಪನಿಗಳಿಗೆ ಶೇಕಡಾ 15ಕ್ಕಿಂತ ಕೆಳಗೆ ಬೇಡ ಅಂತ ಒಪ್ಪಿದವು."

ಅಷ್ಟರಲ್ಲಿ ಬೀರು ಗೋಡೆಯಿಂದ ಜಾರಿ ನನ್ನ ಕಾಲ ಮೇಲೆ ಕೂತಿತು. ಅರ್ಥಶಾಸ್ತ್ರಜ್ಞರ ಜಗಳ ನನ್ನ ಮಟ್ಟಿಗೆ ಅಲ್ಲಿಗೆ ಇತ್ಯರ್ಥವಾಯಿತು.

ಹೇಗೋ ಮೂರನೇ ಮಹಡಿ ಮುಟ್ಟಿದೆವು. ಕಿಟ್ಟಿ ಕೀಲಿ ತಿರುಗಿಸಿ ಬಾಗಿಲು ತೆಗೆದ. ಒಳಗೆ ಮೇಲಿಂದ ಕೆಳತನಕ ಫೈಲು. ದಪ್ಪ ದಪ್ಪ ಫೈಲು, ಹಗ್ಗ ಕಟ್ಟಿದ್ದು.

"ಖಾಲಿ ಅಂದೆಯಲ್ಲೋ!"

"ಖಾಲಿ ಅನ್ನಲಿಲ್ಲ. ಬಟ್ಟೆ ಇಲ್ಲ ಅಂದೆ. ಫೈಲು ಬಟ್ಟೆ ಅಲ್ಲ," ಅಂದ ಕಿಟ್ಟಿ.

ಗುಂಡ ಬೀರುವಿನ ಬಾಗಿಲು ಮೆಲ್ಲಗೆ ಮುಚ್ಚಿದ. ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ.

"ಹಿಡಿ. ವಾಪಸ್ ಇಳಿಸೋಣ. ಈ ಸಲ ನೀನು ಕೆಳಗೆ."