ಮಲಗಿದ ಅಜ್ಜನ ಚಿತ್ರ ಹೆಣದಂತೆ ಕಾಣುವುದೇಕೆ?

ಪ್ರಶ್ನೆ (ಪ್ಲಸ್ ಟು ವಿದ್ಯಾರ್ಥಿನಿ, ಬದಿಯಡ್ಕ):
ನಮಸ್ಕಾರ ಸರ್. ಊಟವಾದ ಮೇಲೆ ಜಗಲಿಯಲ್ಲಿ ಚಾಪೆ ಹಾಸಿ ಮಲಗುವ ಅಜ್ಜನನ್ನು ಪೆನ್ಸಿಲಿನಲ್ಲಿ ನಾಲ್ಕು ಸಲ ಬರೆದೆ. ಮುಖದ ಹೋಲಿಕೆ ಸರಿಯಾಗಿಯೇ ಬಂದಿದೆ. ಆದರೆ ಅಮ್ಮ ನೋಡಿ, "ಇದನ್ನು ಅಜ್ಜನಿಗೆ ತೋರಿಸಬೇಡ" ಎಂದರು. ಎಲ್ಲಿ ತಪ್ಪಿದೆ? ಚಿತ್ರವನ್ನು ಇಲ್ಲಿ ಹಾಕಿದ್ದೇನೆ.

ಉತ್ತರ (ಚಿತ್ರಕಲಾ ಅಧ್ಯಾಪಕ, ಕಾಸರಗೋಡು):
ಮುಖ ಚೆನ್ನಾಗಿದೆ, ತಪ್ಪು ಅಲ್ಲಿಲ್ಲ. ಅಂಗಾತ ಮಲಗಿಸಿ, ಕಾಲುಗಳನ್ನು ಜೋಡಿಸಿ, ಕೈಗಳನ್ನು ಎದೆಯ ಮೇಲಿಟ್ಟು, ಕುತ್ತಿಗೆಯವರೆಗೆ ಬಟ್ಟೆ ಹೊದಿಸಿದ್ದೀಯೆ. ನಾವು ಹಾಗೆ ಮಲಗಿಸುವುದು ಯಾರನ್ನು ಎಂಬುದು ಅಮ್ಮನಿಗೆ ಥಟ್ಟನೆ ಹೊಳೆದಿದೆ.

ನಾಳೆ ಮಧ್ಯಾಹ್ನ ಪಕ್ಕದಲ್ಲಿ ಕುಳಿತು ನೋಡು. ಮಗ್ಗುಲಾಗಿ ಮಲಗಿದ್ದರೆ ಕೆನ್ನೆ ತೋಳಿಗೆ ಒತ್ತಿ, ಅಲ್ಲಿನ ಚರ್ಮ ಕಣ್ಣಿನ ಕಡೆಗೆ ಮಡಚಿಕೊಂಡಿರುತ್ತದೆ. ಕೆಳದವಡೆ ಜಾರಿ ತುಟಿ ಸ್ವಲ್ಪ ತೆರೆದಿರುತ್ತದೆ. ಅಂಗೈ ಪೂರ್ತಿ ಬಿಚ್ಚಿರುವುದಿಲ್ಲ, ಬಿಗಿದಿರುವುದೂ ಇಲ್ಲ. ನಿಂಬೆಹಣ್ಣು ಹಿಡಿದು ಮರೆತಂತೆ ಬೆರಳುಗಳು ಅರ್ಧ ಬಾಗಿರುತ್ತವೆ. ಮೈ ಚಾಪೆಗೆ ತಗಲುವಲ್ಲಿ ಗೆರೆಯನ್ನು ಒತ್ತಿ ಬರೆ.

ನಿದ್ದೆ ಒಂದೇ ಸ್ಥಿತಿಯೂ ಅಲ್ಲ. ರಾತ್ರಿಯ ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಚುರುಕಾಗಿ ಓಡಾಡುವ ಹಂತವನ್ನು 1953ರಲ್ಲಿ ಷಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಜಗತ್ತಿಗೆ ತಿಳಿಸಿದರು. ನಿಚ್ಚಳವಾದ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ಕೈಕಾಲುಗಳ ಸ್ನಾಯುಗಳು ಮಾತ್ರ ಬಹುತೇಕ ಸ್ತಬ್ಧ. ಆದ್ದರಿಂದ ರೆಪ್ಪೆಯನ್ನು ಬರಿಯ ಗೆರೆ ಮಾಡಬೇಡ, ಒಳಗಿನ ಗುಡ್ಡೆಯ ಉಬ್ಬಿಗೆ ನೆರಳು ಕೊಡು.

ಮರುಪ್ರಶ್ನೆ:
ಅನಂತಶಯನ ವಿಷ್ಣುವೂ ಕಾಲು ಚಾಚಿಯೇ ಮಲಗಿರುತ್ತಾನಲ್ಲ ಸರ್? ನೋಡಿದರೆ ಹಾಗೆ ಅನ್ನಿಸುವುದಿಲ್ಲವಲ್ಲ?

ಉತ್ತರ:
ಅಲ್ಲಿ ಸುತ್ತಲಿನವರಿಂದಾಗಿ ಅದು ನಿದ್ದೆಯಾಗಿ ಕಾಣುತ್ತದೆ. ಮಹಾಬಲಿಪುರದ ಮಹಿಷಮರ್ದಿನಿ ಗುಹೆಯ ಪಲ್ಲವ ಶಿಲ್ಪದಲ್ಲಿ ಅವನ ಕಾಲ ಬಳಿ ಮಧು, ಕೈಟಭರೆಂಬ ಅಸುರರು ಹೊಡೆಯಲು ಸಿದ್ಧರಾಗಿ ನಿಂತಿದ್ದಾರೆ. ಎದುರು ಗೋಡೆಯಲ್ಲಿ ದುರ್ಗೆ ಮಹಿಷಾಸುರನ ಮೇಲೆ ಏರಿ ಹೋಗುತ್ತಿದ್ದಾಳೆ. ಅಷ್ಟು ಗದ್ದಲದ ನಡುವೆ ಅವನೊಬ್ಬನಿಗೆ ನೆಮ್ಮದಿ. ಯೋಗನಿದ್ರೆಯನ್ನು ಕಲ್ಲಿನಲ್ಲಿ ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ನೋಡಿಲ್ಲ. ಅಜಂತಾದ 26ನೆಯ ಗುಹೆಯಲ್ಲಿ ಇದರ ತಿರುಗುಮುರುಗು. ಬಲಮಗ್ಗುಲಾಗಿ, ತಲೆಯಡಿ ಕೈಯಿಟ್ಟು ಮಲಗಿದ ಬುದ್ಧನನ್ನು ಕಂಡರೆ ನಿದ್ದೆಯೆಂದೇ ತೋರುತ್ತದೆ. ಕೆಳಗೆ ದುಃಖಿಸುತ್ತಿರುವ ಶಿಷ್ಯರನ್ನು ನೋಡಿದಾಗ ಅದು ಮಹಾಪರಿನಿರ್ವಾಣ, ಅಂದರೆ ಬುದ್ಧನ ಸಾವು ಎಂದು ತಿಳಿಯುತ್ತದೆ.

ಒಮ್ಮೆ ಕುಂಬಳೆ ಹತ್ತಿರದ ಅನಂತಪುರದ ದೇವಸ್ಥಾನಕ್ಕೂ ಹೋಗಿ ಬಾ. ತಿರುವನಂತಪುರದಲ್ಲಿ ಮಲಗಿರುವ ಪದ್ಮನಾಭ ಇಲ್ಲಿ ಅನಂತನ ಮೇಲೆ ಕುಳಿತಿದ್ದಾನೆ. ಎಚ್ಚರದ ಮೈ ತನ್ನ ಭಾರವನ್ನು ತಾನೇ ಹೊರುತ್ತದೆ, ನಿದ್ದೆಯ ಮೈ ಅದನ್ನು ಹಾಸಿಗೆಗೆ ಒಪ್ಪಿಸುತ್ತದೆ.

ಅಜ್ಜನ ಸುತ್ತ ಏನೇನಿದೆ? ತಲೆಯಡಿಯ ಬೈರಾಸು, ಕಳಚಿಟ್ಟ ಕನ್ನಡಕ, ಎಲೆಯಡಿಕೆಯ ತಟ್ಟೆ: ಎದ್ದೊಡನೆ ಕೈ ಹೋಗುವ ವಸ್ತುಗಳನ್ನು ಕೈಗೆಟಕುವಲ್ಲೇ ಬರೆ. ಹೊಟ್ಟೆಯ ಮೇಲಿನ ಮುಂಡಿನ ಅಂಚನ್ನು ಉಸಿರು ಒಳಗೆ ಹೋದಾಗ ಒಮ್ಮೆ, ಹೊರಗೆ ಬಂದಾಗ ಒಮ್ಮೆ ಬರೆ. ಎರಡು ಗೆರೆಗಳಲ್ಲಿ ಯಾವುದನ್ನೂ ಅಳಿಸಬೇಡ.