ಪದಚರ್ಚೆ: ‘ಟ್ರಾನ್ಸ್‌ಲೇಶನ್ ಬ್ಲಾಕ್’ಗೆ ‘ಮಡಿ’ ಅನ್ನಬಹುದೇ? ‘ಇನ್‌ವ್ಯಾಲಿಡೇಟ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಎರಡು ಪದ ಕೇಳಬೇಕಿತ್ತು. ಪತ್ರ ಸ್ವಲ್ಪ ಉದ್ದ ಆಗುತ್ತದೆ. ಪದ ಮಾಡಬೇಕಾದ ಕೆಲಸ ಏನು ಅಂತ ಹೇಳದೆ ಸುಮ್ನೆ ಪದ ಕೇಳಿದರೆ ನಿಘಂಟಿನಲ್ಲಿರುವುದೇ ವಾಪಸ್ ಬರುತ್ತದೆ, ಅಲ್ವಾ?

ನಾನು ದಾವಣಗೆರೆಯಲ್ಲಿ ಶನಿವಾರ ಸಂಜೆ ಡಿಪ್ಲೊಮಾ ಓದುವ ಹುಡುಗ ಹುಡುಗಿಯರಿಗೆ ಕಂಪ್ಯೂಟರ್ ಪಾಠ ಹೇಳುತ್ತೇನೆ. ಜಗಳೂರು, ಹರಿಹರ, ಚನ್ನಗಿರಿ ಕಡೆಯವರೇ ಜಾಸ್ತಿ. ಅವರಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಈಗ ಎಮ್ಯುಲೇಟರ್ ಪಾಠಕ್ಕೆ ಬಂದಿದ್ದೇವೆ. ಅಂದರೆ, ಒಂದು ಪ್ರೋಸೆಸರ್‌ಗೆ ಬರೆದ ಪ್ರೋಗ್ರಾಂ ಅನ್ನು ಬೇರೊಂದು ಪ್ರೋಸೆಸರ್ ಮೇಲೆ ಓಡಿಸುವ ತಂತ್ರಾಂಶ. ನಾವು ನೋಡುತ್ತಿರುವುದು ಕ್ಯೂಎಮು. 2003ರಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಶುರು ಮಾಡಿದ್ದು, ಇವತ್ತಿಗೂ ಬೆಳೆಯುತ್ತಲೇ ಇದೆ.

ಮೊದಲು ಒಂದು ಸಣ್ಣ ವಿಷಯ. ಇಲ್ಲಿ ಓಡಬೇಕಾದ ಪ್ರೋಗ್ರಾಮಿನ ಪ್ರೋಸೆಸರ್ ‘ಗೆಸ್ಟ್’, ನಮ್ಮ ಲ್ಯಾಪ್‌ಟಾಪಿನದು ‘ಹೋಸ್ಟ್’. ಪುಸ್ತಕದ ಮಾತಲ್ಲಿ ಅತಿಥಿ, ಆತಿಥೇಯ. ಬಾಯಲ್ಲಿ ಹೇಳುವಾಗ ಎರಡೂ ಒಂದೇ ಥರ ಕೇಳಿಸಿ ಕ್ಲಾಸು ಪೂರ್ತಿ ಗೊಂದಲ. ಈಗ ‘ನೆಂಟ ಕೋಡ್’, ‘ಮನೆ ಕೋಡ್’ ಅನ್ನುತ್ತಿದ್ದೇವೆ. ಒಬ್ಬರಿಗೂ ಮತ್ತೆ ತಪ್ಪಿಲ್ಲ. ‘ಡೈನಮಿಕ್’ ಅನ್ನುವುದನ್ನು ‘ಕ್ರಿಯಾಶೀಲ’, ‘ಚಲನಶೀಲ’ ಅಂತ ಮಾಡುವುದೂ ನನಗೆ ಒಗ್ಗುವುದಿಲ್ಲ. ಇಲ್ಲಿ ಅದರ ಅರ್ಥ ಇಷ್ಟೇ: ಓಡುವಾಗಲೇ ಆಗುವ ತರ್ಜುಮೆ.

ಈಗ ಮೊದಲ ಪ್ರಶ್ನೆ.

ಕ್ಯೂಎಮು ಇಡೀ ಪ್ರೋಗ್ರಾಂ ಅನ್ನು ಒಟ್ಟಿಗೆ ತರ್ಜುಮೆ ಮಾಡುವುದಿಲ್ಲ. ಈಗ ಓಡಬೇಕಾದ ಜಾಗದಿಂದ ಶುರು ಮಾಡಿ, ಒಂದು ಜಂಪ್ (ಬೇರೆ ಜಾಗಕ್ಕೆ ಹೋಗು ಅನ್ನುವ ಸೂಚನೆ) ಸಿಗುವ ತನಕ ನೆಂಟನ ಸೂಚನೆಗಳನ್ನು ಓದಿ, ಅಷ್ಟನ್ನೂ ಮನೆ ಕೋಡಿಗೆ ಬದಲಾಯಿಸಿ ಇಟ್ಟುಕೊಳ್ಳುತ್ತದೆ. ಮೆಮೊರಿಯನ್ನು ಸಮ ಅಳತೆಯ ಪುಟಗಳಾಗಿ ಹಂಚಿರುತ್ತಾರೆ, ಅಂಥ ಪುಟದ ಅಂಚು ಬಂದರೂ ನಿಲ್ಲಿಸುತ್ತದೆ. ಹೀಗೆ ಇಟ್ಟುಕೊಂಡ ಒಂದು ತುಂಡಿಗೆ ಹೆಸರು ಟ್ರಾನ್ಸ್‌ಲೇಶನ್ ಬ್ಲಾಕ್. ಅದೇ ಜಾಗಕ್ಕೆ ಮತ್ತೆ ಬಂದರೆ ಹೊಸದಾಗಿ ತರ್ಜುಮೆ ಬೇಡ, ಇಟ್ಟಿದ್ದನ್ನೇ ಓಡಿಸಿದರೆ ಆಯಿತು.

ಇದಕ್ಕೆ ‘ಅನುವಾದ ಖಂಡ’ ಅಂತ ಬರೆದು ನೋಡಿದೆ. ಖಂಡ ಅಂದಕೂಡಲೇ ಏಷ್ಯಾ, ಆಫ್ರಿಕಾ ನೆನಪಾಗುತ್ತದೆ. ‘ತುಂಡು’, ‘ತುಣುಕು’ ಅಂದರೆ ಯಾವುದರಿಂದಲೋ ಮುರಿದು ಬಿದ್ದದ್ದು. ನಮ್ಮದು ಹತ್ತಿ ಗಿರಣಿಗಳ ಊರಾಗಿದ್ದರಿಂದ ‘ಲಡಿ’ ಅನ್ನೋಣವೇ ಅಂತಲೂ ಯೋಚಿಸಿದೆ. ನೂಲಿನ ಲಡಿಗೆ ಒಂದು ತುದಿಯಿಂದ ಹಿಡಿದು ಇನ್ನೊಂದು ತುದಿಗೆ ಬಿಚ್ಚುವ ಗುಣ ಇದೆ, ಅದು ಚೆನ್ನಾಗಿದೆ. ಆದರೆ ಲಡಿಯಿಂದ ಎರಡು ದಾರಿ ಹೊರಡುವುದಿಲ್ಲ. ಈ ಬ್ಲಾಕಿನ ಮುಖ್ಯ ಗುಣವೇ ಅದು. ಒಳಗೆ ಬರಲು ಒಂದೇ ಬಾಯಿ, ತಲೆಯಲ್ಲಿ. ನಡುವೆ ಎಲ್ಲೂ ನುಗ್ಗುವ ಹಾಗಿಲ್ಲ. ಹೊರಗೆ ಹೋಗಲು ಕೊನೆಯಲ್ಲಿ ಹೆಚ್ಚೆಂದರೆ ಎರಡು ನೇರ ಬಾಯಿ: ಷರತ್ತು ನಿಜವಾದರೆ ಒಂದು ಕಡೆ, ಸುಳ್ಳಾದರೆ ಇನ್ನೊಂದು ಕಡೆ.

ಒಂದು ಬಾಯಲ್ಲಿ ಬಂದು, ಪೂರ್ತಿ ಹರಿದು, ಕೊನೆಯ ಬಾಯಲ್ಲಿ ಹೋಗುವುದು. ಇದನ್ನು ಬೋರ್ಡ್ ಮೇಲೆ ಬರೆಯುವಾಗ ನನಗೆ ನಮ್ಮ ಚಿಕ್ಕಪ್ಪನ ಗದ್ದೆ ಕಣ್ಣ ಮುಂದೆ ಬಂತು.

ಅವರದು ಭದ್ರಾ ಚಾನಲ್ ಕೆಳಗಿನ ಜಮೀನು. ನೀರಿನ ಸರದಿ ರಾತ್ರಿ ಬಂದರೆ ಬ್ಯಾಟರಿ ಹಿಡಿದು ನಾನೂ ಹೋಗುತ್ತಿದ್ದೆ. ಕಾಲುವೆಯಿಂದ ಮೊದಲ ಮಡಿಗೆ, ಅಂದರೆ ಸುತ್ತ ಬದು ಕಟ್ಟಿದ ಗದ್ದೆಯ ಭಾಗಕ್ಕೆ, ನೀರು. ಅದು ತುಂಬಿದರೆ ಕೆಳಗಿನ ಬದುವಿಗೆ ಸಲಿಕೆಯಲ್ಲಿ ಒಂದು ಬಾಯಿ ತೆಗೆಯುವುದು, ನೀರು ಮುಂದಿನ ಮಡಿಗೆ. ಬಾಯಿ ತೆಗೆದಾಗ ಬಂದ ಕೆಸರನ್ನು ಚಿಕ್ಕಪ್ಪ ಬಾಯಿಯ ಪಕ್ಕದಲ್ಲೇ ಗುಪ್ಪೆ ಹಾಕಿ ಇಡುತ್ತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ ಹೇಳಿದ್ದು ನೆನಪಿದೆ: “ಮುಚ್ಚೋಕೆ ಬೇಕಾಗುತ್ತಲ್ಲಪ್ಪ. ಕೆಳಗಿನ ಮಡಿ ಬದು ಕಿತ್ತುಕೊಂಡ್ರೆ ಮೊದ್ಲು ಮೇಲಿನ ಬಾಯಿ ಕಟ್ಟು, ಆಮೇಲೆ ಬದು ನೋಡು.”

ಕ್ಯೂಎಮು ಮಾಡುವುದೂ ಹೆಚ್ಚುಕಮ್ಮಿ ಇದನ್ನೇ. ಮೊದಮೊದಲು ಒಂದು ಬ್ಲಾಕ್ ಮುಗಿದಾಗ ಓಟ ವಾಪಸ್ ನಿರ್ವಾಹಕನ (ಬ್ಲಾಕುಗಳನ್ನು ಒಂದೊಂದಾಗಿ ಓಡಿಸುವ ಕ್ಯೂಎಮುವಿನ ಭಾಗ) ಹತ್ತಿರ ಬರುತ್ತದೆ. ಅವನು “ಮುಂದಿನ ವಿಳಾಸ ಯಾವುದು, ಅದರ ತರ್ಜುಮೆ ಇದೆಯೇ” ಅಂತ ಹುಡುಕಿ ಕಳಿಸಬೇಕು. ಪ್ರತಿ ಮಡಿ ತುಂಬಿದಾಗಲೂ ನೀರನ್ನು ಮತ್ತೆ ಕಾಲುವೆಗೆ ತಂದು ಬಿಟ್ಟ ಹಾಗೆ. ಅದರ ಬದಲು, ಒಂದು ಸಲ ಮುಂದಿನ ಬ್ಲಾಕ್ ಸಿಕ್ಕಿತೆಂದರೆ, ಹಿಂದಿನ ಬ್ಲಾಕಿನ ಕೊನೆಯ ಜಂಪನ್ನೇ ತಿದ್ದಿ ನೇರ ಅಲ್ಲಿಗೆ ತಿರುಗಿಸಿಬಿಡುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಚೈನಿಂಗ್ ಅನ್ನುತ್ತಾರೆ. ‘ಸರಪಳಿ ಹಾಕುವುದು’ ಅಂದರೆ ಹುಡುಗರಿಗೆ ಕಟ್ಟಿಹಾಕಿದ ಹಾಗೆ ಕೇಳಿಸಿತು. ‘ಬಾಯಿ ತೆಗೆಯುವುದು’ ಅಂದೆ, ಥಟ್ಟನೆ ಹಿಡಿದರು. ಇಡೀ ಯಂತ್ರವನ್ನೇ ಎಮ್ಯುಲೇಟ್ ಮಾಡುವಾಗ ಒಂದೇ ಮೆಮೊರಿ ಪುಟದೊಳಗಿನ ಮಡಿಗಳ ನಡುವೆ ಮಾತ್ರ ಹೀಗೆ ನೇರ ಬಾಯಿ ತೆಗೆಯುತ್ತದೆ. ಪುಟಗಳ ವಿಳಾಸ ಹೊಂದಿಕೆ ನಡುವೆ ಬದಲಾಗಬಹುದಲ್ಲ, ಅದಕ್ಕೆ.

ಹಾಗಾಗಿ ಬ್ಲಾಕ್‌ಗೆ ‘ಮಡಿ’, ಚೈನಿಂಗ್‌ಗೆ ‘ಬಾಯಿ ತೆಗೆ’, ಅದನ್ನು ಬಿಡಿಸುವುದಕ್ಕೆ ‘ಬಾಯಿ ಕಟ್ಟು’. ಈ ಮೂರೂ ಒಂದೇ ಗದ್ದೆಯಿಂದ ಬಂದ ಮಾತು, ಅದೇ ನನಗೆ ಹೆಚ್ಚು ಇಷ್ಟವಾದದ್ದು.

ಮಡಿ ಅಂದರೆ ಮಡಿ ಮೈಲಿಗೆ ನೆನಪಾಗುವುದಿಲ್ಲವೇ ಅಂತ ನೀವು ಕೇಳಬಹುದು. ಇಮ್ಮಡಿ, ಮುಮ್ಮಡಿಯ ಮಡಿಯೂ ಇದೆ. ಆದರೆ ಸಸಿಮಡಿ, ಏರುಮಡಿ, ಚೌಕುಮಡಿ ಅನ್ನುವಾಗ ನಮ್ಮಲ್ಲಿ ಯಾರಿಗೂ ಗೊಂದಲ ಆಗುವುದಿಲ್ಲ. ಜೊತೆಗೆ ‘ತರ್ಜುಮೆ ಮಡಿ’ ಅಂತ ಸೇರಿಸಿದರೆ ಅರ್ಥ ಇನ್ನೂ ಗಟ್ಟಿ.

ನಿಜವಾದ ತೊಡಕು ಬೇರೆ ಇದೆ. ಅದು ಕ್ಲಾಸಿನಲ್ಲೇ ಬಂತು. ಹತ್ತರಿಂದ ಒಂದರವರೆಗೆ ಕೂಡುವ ಪುಟ್ಟ ಪ್ರೋಗ್ರಾಂ ಅನ್ನು ರಿಸ್ಕ್-ಫೈವ್ ಅನ್ನುವ ಬಗೆಯ ಪ್ರೋಸೆಸರ್‌ಗೆ ಬರೆದು ಓಡಿಸಿದೆವು. ಒಟ್ಟು ಐದು ಸೂಚನೆ. ಮೊದಲ ಎರಡು ತಯಾರಿಗೆ: ಮೊತ್ತಕ್ಕೆ ಸೊನ್ನೆ, ಎಣಿಕೆಗೆ 10. ಆಮೇಲಿನ ಮೂರು ಸುತ್ತಿನೊಳಗಿನವು: ಕೂಡು, ಎಣಿಕೆ ಒಂದು ಕಮ್ಮಿ ಮಾಡು, ಸೊನ್ನೆ ಆಗಿಲ್ಲದಿದ್ದರೆ ಹಿಂದಕ್ಕೆ ಹೋಗು. ತರ್ಜುಮೆ ಆದ ಪ್ರತಿ ಬ್ಲಾಕನ್ನೂ ತೋರಿಸುವ ಆಯ್ಕೆ ಕ್ಯೂಎಮುನಲ್ಲಿದೆ, ಅದನ್ನು ಹಾಕಿದ್ದೆವು. ಜಗಳೂರಿನ ಹುಡುಗಿಯೊಬ್ಬಳು ತೆರೆ ನೋಡಿ, “ಸರ್, ಸುತ್ತು ಹತ್ತು ಸಲ ಓಡಬೇಕು. ಆದ್ರೆ ಈ ಮೂರು ಸಾಲು ಎರಡೇ ಸಲ ಬಂದಿವೆ. ಹತ್ತು ಸಲಾನೂ ಅಲ್ಲ, ಒಂದು ಸಲಾನೂ ಅಲ್ಲ, ಯಾಕೆ?” ಅಂದಳು.

ಒಳ್ಳೆಯ ಪ್ರಶ್ನೆ. ಮೊದಲ ಬ್ಲಾಕ್ ಐದೂ ಸೂಚನೆಗಳದ್ದು, ಯಾಕಂದರೆ ಮೊದಲ ಜಂಪ್ ಸಿಗುವುದು ಐದನೆಯದರಲ್ಲೇ. ಅದು ಹಿಂದಕ್ಕೆ ಹೋಗು ಅಂದಾಗ ಹೋಗಬೇಕಾದದ್ದು ಮೂರನೆಯ ಸೂಚನೆಗೆ. ಆ ಜಾಗ ಯಾವ ಬ್ಲಾಕಿನ ತಲೆಯೂ ಅಲ್ಲ. ನಡುವೆ ನುಗ್ಗುವ ಹಾಗಿಲ್ಲವಲ್ಲ, ಹಾಗಾಗಿ ಅಲ್ಲಿಂದ ಮೂರು ಸೂಚನೆಗಳ ಹೊಸ ಬ್ಲಾಕ್. ಮೊದಲ ಸುತ್ತು ಮೊದಲ ಬ್ಲಾಕಿನಲ್ಲಿ, ಉಳಿದ ಒಂಬತ್ತೂ ಎರಡನೆಯದರಲ್ಲಿ. ಆ ಎರಡನೆಯ ಬ್ಲಾಕ್ ತನ್ನ ಬಾಯಿಯನ್ನು ತನಗೇ ತೆಗೆದುಕೊಂಡು ತಿರುಗುತ್ತದೆ.

ಅಂದರೆ ಮೂರು ಸೂಚನೆ ಎರಡು ಬ್ಲಾಕಿಗೂ ಸೇರಿವೆ. ಗದ್ದೆಯಲ್ಲಿ ಒಂದೇ ನೆಲ ಎರಡು ಮಡಿಗೆ ಸೇರುತ್ತದೆಯೇ? ಇಲ್ಲ. ಅವತ್ತು ರಾತ್ರಿ ಈ ಪದವನ್ನೇ ಬಿಟ್ಟುಬಿಡೋಣ ಅನಿಸಿತ್ತು. ಮತ್ತೆ ಯೋಚಿಸಿದಾಗ ಹೊಳೆದದ್ದು: ಮಡಿ ಇರುವುದು ಮನೆ ಕೋಡಿನ ಕಡೆ. ಅಲ್ಲಿ ಒಂದರ ಮೇಲೊಂದು ಬೀಳುವುದಿಲ್ಲ, ಪ್ರತಿಯೊಂದಕ್ಕೂ ಅದರದೇ ಜಾಗ. ನೆಂಟ ಕೋಡ್ ಬೀಜ ಇದ್ದ ಹಾಗೆ, ಒಂದೇ ಬೀಜವನ್ನು ಎರಡು ಮಡಿಯಲ್ಲಿ ಬಿತ್ತಬಹುದು. ಈ ಸಮಾಧಾನ ನಿಮಗೆ ಒಪ್ಪಿಗೆಯೇ, ಅಥವಾ ನಾನು ಪದದ ಮೇಲಿನ ಆಸೆಗೆ ಎಳೆದು ಹೊಂದಿಸುತ್ತಿದ್ದೇನೆಯೇ, ನೇರವಾಗಿ ಹೇಳಿ.

ತರ್ಜುಮೆ ಆಗಲೇ ಇದೆಯೇ ಅಂತ ಕ್ಯೂಎಮು ಹುಡುಕುವ ಬಗೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಅಲ್ಲಿ ಪದಗಳ ತೊಂದರೆ ಕಮ್ಮಿ. ಒಂದು ಚಿಕ್ಕ ಪಟ್ಟಿ, ಪ್ರತಿ ನೆಂಟ ಪ್ರೋಸೆಸರ್‌ಗೂ ಒಂದು, 4096 ಖಾನೆಗಳದ್ದು. ಅಲ್ಲಿ ಸಿಗದಿದ್ದರೆ ದೊಡ್ಡ ಪಟ್ಟಿ. ಚಿಕ್ಕದರಲ್ಲಿ ಹುಡುಕುವುದು ಪ್ರೋಗ್ರಾಮಿಗೆ ಕಾಣುವ ವಿಳಾಸದಿಂದ, ದೊಡ್ಡದರಲ್ಲಿ ಮೆಮೊರಿಯ ನಿಜವಾದ ವಿಳಾಸದಿಂದ. ಬರೀ ವಿಳಾಸ ಸಾಲದು, ಆಗ ಪ್ರೋಸೆಸರ್ ಯಾವ ಸ್ಥಿತಿಯಲ್ಲಿತ್ತು ಅನ್ನುವುದೂ ಹೊಂದಬೇಕು. ಒಂದೇ ಬೈಟುಗಳು ಎಕ್ಸ್86ರಲ್ಲಿ (ಇಂಟೆಲ್ ಬಗೆಯ ಪ್ರೋಸೆಸರ್) 16 ಬಿಟ್ ಸ್ಥಿತಿಯಲ್ಲಿ ಒಂದು ಅರ್ಥ, 32 ಬಿಟ್ ಸ್ಥಿತಿಯಲ್ಲಿ ಇನ್ನೊಂದು ಅರ್ಥ. ಸರ್ವೆ ನಂಬರ್ ಒಂದೇ ಹೇಳಿದರೆ ಪಹಣಿ ಸಿಗುವುದಿಲ್ಲ, ಹಿಸ್ಸಾ ನಂಬರೂ ಬೇಕು. ಕ್ಲಾಸಿನಲ್ಲಿ ವಿಳಾಸಕ್ಕೆ ಸರ್ವೆ, ಸ್ಥಿತಿಗೆ ಹಿಸ್ಸಾ ಅಂತಲೇ ಹೇಳಿದೆ.

ಎರಡನೆಯ ಪ್ರಶ್ನೆ, ‘ಇನ್‌ವ್ಯಾಲಿಡೇಟ್’ ಪದದ್ದು, ನನಗೆ ಇನ್ನೂ ಬಗೆಹರಿದಿಲ್ಲ.

ನೆಂಟನ ಮೂಲ ಕೋಡ್ ಬದಲಾದರೆ ತರ್ಜುಮೆ ಹಳತಾಗುತ್ತದೆ. ಅದೇ ಮೆಮೊರಿಗೆ ಹೊಸ ಪ್ರೋಗ್ರಾಂ ಬಂದು ಕೂತಿರಬಹುದು, ಅಥವಾ ಪ್ರೋಗ್ರಾಮೇ ತನ್ನನ್ನು ತಿದ್ದಿಕೊಂಡಿರಬಹುದು. ಆರ್ಮ್‌ನಂಥ ಪ್ರೋಸೆಸರ್‌ಗಳಲ್ಲಿ “ಕೋಡ್ ಬದಲಾಯಿಸಿದ್ದೇನೆ” ಅಂತ ಪ್ರೋಗ್ರಾಂ ತಾನೇ ಹೇಳಬೇಕು. ಎಕ್ಸ್86ರಲ್ಲಿ ಹಾಗೆ ಹೇಳಲೇಬೇಕೆಂಬ ಕಟ್ಟು ಇಲ್ಲ, ಎಮ್ಯುಲೇಟರೇ ಕಾಯಬೇಕು. ಅದಕ್ಕೆ ಕ್ಯೂಎಮು, ತರ್ಜುಮೆ ಆದ ಕೋಡ್ ಇರುವ ಪುಟಕ್ಕೆ ಗುರುತು ಹಾಕಿ ಇಡುತ್ತದೆ. ಅಲ್ಲಿ ಯಾರಾದರೂ ಬರೆದರೆ ಗೊತ್ತಾಗುತ್ತದೆ. ಆ ಪುಟದ ಮಡಿಗಳ ಪಟ್ಟಿ ತೆಗೆದು, ಬರೆದ ಜಾಗಕ್ಕೆ ತಾಗಿದ ಮಡಿಗಳನ್ನು ಹುಡುಕುವ ಪಟ್ಟಿಗಳಿಂದ ತೆಗೆಯುತ್ತದೆ. ಆ ಮಡಿಗೆ ಬೇರೆ ಯಾವ ಯಾವ ಮಡಿ ಬಾಯಿ ತೆಗೆದಿತ್ತು ಅನ್ನುವ ಲೆಕ್ಕವೂ ಅದರ ಹತ್ತಿರ ಇರುತ್ತದೆ, ಅವನ್ನೆಲ್ಲ ಕಟ್ಟುತ್ತದೆ. ಚಿಕ್ಕಪ್ಪನ ಕೆಸರಿನ ಗುಪ್ಪೆ ಇಲ್ಲಿ ಕೆಲಸಕ್ಕೆ ಬಂತು.

ಆದರೆ ಆ ಮಡಿಯನ್ನು ಅಳಿಸುವುದಿಲ್ಲ. ಅದರ ಬೈಟುಗಳು ಇದ್ದಲ್ಲೇ ಇರುತ್ತವೆ, ಯಾರೂ ಅತ್ತ ಹೋಗುವುದಿಲ್ಲ ಅಷ್ಟೇ. ಕೋಡ್ ಇಡುವ ಜಾಗ ಪೂರ್ತಿ ತುಂಬಿದಾಗ ಒಟ್ಟಿಗೆ ಖಾಲಿ ಮಾಡಿ ಹೊಸದಾಗಿ ಶುರು. 2005ರಲ್ಲಿ ಬೆಲ್ಲಾರ್ ವಿವರಿಸಿದಾಗ ಆ ಜಾಗ 16 ಮೆಗಾಬೈಟ್ ಇತ್ತು.

ಹಾಗಾಗಿ ‘ಅಳಿಸು’ ತಪ್ಪು. ‘ಅಸಿಂಧು’ ಅಂದರೆ ಮತ ಎಣಿಕೆ. ‘ಅಮಾನ್ಯ’ 2016ರ ನೋಟಿನ ನಂತರ ಎಲ್ಲರಿಗೂ ಗೊತ್ತು, ಆದರೆ ಬಾಯಲ್ಲಿ ಯಾರೂ ಹಾಗನ್ನಲಿಲ್ಲ. ಮಂಡಕ್ಕಿ ಅಂಗಡಿಯಲ್ಲಿ ಕೇಳಿದ್ದು “ಈ ನೋಟು ನಡೆಯಲ್ಲ” ಅಂತಲೇ. ನೋಟು ಕೈಯಲ್ಲಿ ಇದೆ, ಹರಿದಿಲ್ಲ, ನಡೆಯಲ್ಲ. ನಮ್ಮ ಮಡಿಯ ಸ್ಥಿತಿಯೂ ಅದೇ. ಇದಕ್ಕೆ ಹಳೆಯ ಮಾತು ‘ಸಲ್ಲು’. ಬಸವಣ್ಣನವರ ಕಮ್ಮಟದ ವಚನದಲ್ಲಿ ಅದು ನಾಣ್ಯದ ಅರ್ಥದಲ್ಲೇ ಬರುತ್ತದೆ. ‘ಸಲ್ಲುವ ಮಡಿ’, ‘ಸಲ್ಲದ ಮಡಿ’ ಅಂತ ಬರೆದರೆ ನನಗಂತೂ ಕಿವಿಗೆ ಹಿತ.

ಕ್ರಿಯಾಪದ ಮಾಡುವಾಗ ಎಡವುತ್ತೇನೆ. ‘ಸಲ್ಲದಾಗಿಸು’ ಬಾಯಿಗೆ ಬರುವುದಿಲ್ಲ. ‘ಸಲ್ಲದಂತೆ ಮಾಡು’ ಉದ್ದ. ‘ರದ್ದು ಮಾಡು’ ಸಲೀಸು, ಆದರೆ ರದ್ದು ಯಾರೋ ನಿರ್ಧಾರ ಮಾಡಿ ಹೊರಡಿಸುವ ಆದೇಶದ ಹಾಗೆ. ಇಲ್ಲಿ ಮೂಲ ಬದಲಾದದ್ದರಿಂದ ತಾನಾಗಿ ಸಲ್ಲದೆ ಹೋದದ್ದು. ‘ಸಲ್ಲು’ ಇಂದ ಒಂದು ಚಿಕ್ಕ, ನುಡಿಯಲು ಸುಲಭವಾದ ಕ್ರಿಯಾಪದ ನಿಮ್ಮ ಕಡೆ ಬಳಕೆಯಲ್ಲಿದೆಯೇ?

ಇನ್ನೊಂದು. ಚಿಕ್ಕಪ್ಪನ ಊರಲ್ಲಿ ‘ಬಾಯಿ’ ಅನ್ನುತ್ತಾರೆ. ಹಿರಿಯೂರು ಕಡೆ, ವಾಣಿವಿಲಾಸ ಸಾಗರದ ಚಾನಲ್ ಕೆಳಗೆ ನೀರು ಹಾಯಿಸುವವರು ಬದುವಿನ ಆ ಕಿಂಡಿಗೆ ಏನನ್ನುತ್ತಾರೆ? ಮಲೆನಾಡಿನ ಗದ್ದೆಯಲ್ಲಿ, ಮಂಡ್ಯದ ಕಡೆ? ಬೇರೆ ಪದ ಇದ್ದರೆ ಅದನ್ನು ಹೇಗೆ ಬಳಸುತ್ತಾರೆ ಅನ್ನುವ ಒಂದು ವಾಕ್ಯದ ಜೊತೆ ಬರೆಯಿರಿ. ಶನಿವಾರದ ಟಿಪ್ಪಣಿಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.